ವಿದ್ಯುತ್ ಕಾರಿನ ಓಟದಳತೆ

(ಬಾನುಲಿ ಭಾಷಣ)

ನಮ್ಮ ಭಾಷೆಯಲ್ಲಿ ದೂರವನ್ನು ಹೇಳುವ ಪದಗಳು ಎರಡು ಬಗೆಯಾಗಿವೆ. ಹರದಾರಿ, ಗಾವುದ, ಮೈಲಿ ಎಂಬಂಥವು ಒಂದು ಬಗೆ. ಇವು ನೆಲಕ್ಕೆ ಸೇರಿದ ಅಳತೆಗಳು. ನಡೆಯುವವನು ಗಟ್ಟಿಗನಾಗಲಿ, ಬಡಕಲನಾಗಲಿ, ಮೈಲಿಗಲ್ಲು ಮಾತ್ರ ನೆಟ್ಟಲ್ಲೇ ಇರುತ್ತದೆ. ಕೂಗಳತೆ ಎಂಬುದು ಇನ್ನೊಂದು ಬಗೆ. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ ಎಂದು ಅದರ ಅರ್ಥ. ಕೂಗುವವನ ಕೊರಳು ಎಂಥದು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ನಡುವೆ ಇರುವುದು ಬಯಲೋ ಗುಡ್ಡವೋ, ಸಂತೆಯ ಹಗಲೋ ನಿಶ್ಶಬ್ದದ ಇರುಳೋ, ಇಷ್ಟನ್ನೂ ಆ ಅಳತೆ ಅವಲಂಬಿಸಿದೆ. ಹಾಗೆಂದು ಅದು ಸುಳ್ಳಳತೆಯೇನೂ ಅಲ್ಲ. ತೋಟದ ಮನೆ ಕೂಗಳತೆಯಲ್ಲಿದೆ ಎಂದರೆ ಕೇಳಿದವನಿಗೆ ಬೇಕಾದಷ್ಟು ತಿಳಿದುಹೋಗುತ್ತದೆ. ಆದರೆ ಅದನ್ನು ಮೈಲಿಗಲ್ಲೆಂದು ಭಾವಿಸಿ ಲೆಕ್ಕ ಹಾಕಹೊರಟವನು ಮಾತ್ರ ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ.

ಇಂದು ವಿದ್ಯುತ್ ಕಾರನ್ನು ಕೊಳ್ಳಹೊರಟವರ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದೆ. ಒಮ್ಮೆ ಚಾರ್ಜು ಮಾಡಿದರೆ ಇಷ್ಟು ಕಿಲೋಮೀಟರು ಎಂದು ಜಾಹೀರಾತಿನಲ್ಲಿ ದಪ್ಪಕ್ಷರದ ಅಂಕಿಯೊಂದು ಇರುತ್ತದೆ. ಇಂಗ್ಲಿಷಿನ ರೇಂಜ್ ಎಂಬ ಮಾತನ್ನೇ ಎಲ್ಲರೂ ಬಳಸುತ್ತಾರೆ. ನಾನು ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಾದ್ದರಿಂದ ಅದನ್ನು ಕೂಗಳತೆಯ ಮಾದರಿಯಲ್ಲಿ ‘ಓಟದಳತೆ’ ಎಂದು ಕರೆಯುತ್ತೇನೆ. ಪದದ ಮೇಲಿನ ಮೋಹವಷ್ಟೇ ಇದಕ್ಕೆ ಕಾರಣವಲ್ಲ. ಆ ಅಂಕಿಯ ಸ್ವಭಾವವೇ ಅಂಥದು. ಅದು ಕಾರಿಗೆ ಎಷ್ಟು ಸೇರಿದೆಯೋ ರಸ್ತೆಗೆ, ವೇಗಕ್ಕೆ, ಹವೆಗೆ, ಓಡಿಸುವವನ ಪಾದಕ್ಕೆ ಅಷ್ಟೇ ಸೇರಿದೆ. ಈ ಭೇದವನ್ನು ಅರಿಯದೆ ಕೆಲವರು ಅಂಕಿಯನ್ನು ಅತಿಯಾಗಿ ನಂಬಿ ನಡುದಾರಿಯಲ್ಲಿ ಪರದಾಡುತ್ತಾರೆ. ಇನ್ನು ಕೆಲವರು ಅತಿಯಾಗಿ ಅಂಜಿ, ತಮಗೆ ಚೆನ್ನಾಗಿ ಒದಗಬಹುದಾಗಿದ್ದ ವಾಹನವನ್ನೇ ಕೈಬಿಡುತ್ತಾರೆ. ಎಂಟು ಹತ್ತು ಲಕ್ಷ ರೂಪಾಯಿ ಒಂದು ಮಧ್ಯಮ ವರ್ಗದ ಸಂಸಾರಕ್ಕೆ ಸಣ್ಣ ಮೊತ್ತವಲ್ಲ. ಆದ್ದರಿಂದ ಈ ಅಂಕಿಯ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ದೊಡ್ಡ ಕಾರುಗಳ ಮಾತನ್ನು ಬಿಟ್ಟು ಹ್ಯಾಚ್‌ಬ್ಯಾಕ್ ಎಂಬ ಗಿಡ್ಡ ಕಾರನ್ನೇ ತೆಗೆದುಕೊಳ್ಳೋಣ. ಹಿಂದಕ್ಕೆ ಚಾಚಿದ ಪ್ರತ್ಯೇಕ ಡಿಕ್ಕಿ ಇಲ್ಲದೆ, ಬೆನ್ನಿನ ಬಾಗಿಲು ಮೇಲಕ್ಕೆ ಎತ್ತಿಕೊಳ್ಳುವ ಕಾರು ಇದು. ನಮ್ಮ ಊರುಗಳ ಓಣಿಗಳಿಗೂ ಜೇಬುಗಳಿಗೂ ಒಗ್ಗಿದ್ದು ಇದೇ. ಅದಲ್ಲದೆ ವಿದ್ಯುತ್ ಹ್ಯಾಚ್‌ಬ್ಯಾಕಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 2001ರಲ್ಲಿ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ಕಾರು ಬೀದಿಗಿಳಿಯಿತು. ಚೇತನ್ ಮೈನಿ ಅವರ ಮುಂದಾಳುತನದಲ್ಲಿ ಸಿದ್ಧವಾದ ಈ ಕಾರಿಗೆ ಎರಡು ಬಾಗಿಲು. ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು ಕೂರುವಷ್ಟು ಜಾಗ. ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳು ಸೇರಿ ಅದರ ಶಕ್ತಿಮೂಲ. ಅವುಗಳಿಗೆ ಆಗಾಗ ಶುದ್ಧ ನೀರನ್ನು ತುಂಬಬೇಕಾಗಿತ್ತು. ಕಾರಿನ ಒಟ್ಟು ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಈ ಬ್ಯಾಟರಿಗಳದೇ. ಇಷ್ಟು ಭಾರ ಹೊತ್ತು ಅದು ಕ್ರಮಿಸುತ್ತಿದ್ದುದು, ತಯಾರಕರ ಮಾತಿನಂತೆ, ಸುಮಾರು 80 ಕಿಲೋಮೀಟರು. ಪೂರ್ತಿ ಚಾರ್ಜಾಗಲು ಎಂಟು ಗಂಟೆ ಬೇಕು. ಆದರೆ ನೂರಕ್ಕೆ ಎಂಬತ್ತು ಭಾಗ ಎರಡೂವರೆ ಗಂಟೆಯಲ್ಲೇ ತುಂಬುತ್ತಿತ್ತು.

ಅಂದು ಹಲವರು ಅದನ್ನು ಆಟಿಕೆಯ ಕಾರೆಂದು ನಕ್ಕದ್ದುಂಟು. ಆದರೆ ಬೆಂಗಳೂರಿನಲ್ಲಿ ತಯಾರಾದ ಅದೇ ಕಾರು 2004ರ ಹೊತ್ತಿಗೆ ‘ಜೀ-ವಿಜ್’ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿ ಓಡಾಡತೊಡಗಿತು. ಆ ನಗರದ ನಡುಭಾಗವನ್ನು ಪ್ರವೇಶಿಸುವ ವಾಹನಗಳು 2003ರಿಂದ ದಟ್ಟಣೆಯ ಸುಂಕವನ್ನು ತೆರಬೇಕಾಗಿತ್ತು. ವಿದ್ಯುತ್ ಕಾರುಗಳಿಗೆ ಆಗ ಅದರಿಂದ ವಿನಾಯಿತಿ ಇತ್ತು. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಓಡಾಡಿ, ರಾತ್ರಿ ಮನೆಯ ಮುಂದೆ ನಿಲ್ಲಿಸುವವನಿಗೆ ಎಂಬತ್ತು ಕಿಲೋಮೀಟರಿನ ಓಟದಳತೆ ಸಾಕೇ ಸಾಕು ಎಂಬುದನ್ನು ರೇವಾ ತೋರಿಸಿಕೊಟ್ಟಿತು. 2010ರಲ್ಲಿ ಆ ಸಂಸ್ಥೆಯ ಹೆಚ್ಚಿನ ಪಾಲು ಮಹೀಂದ್ರ ಕಂಪನಿಯ ಕೈಸೇರಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಒ’ ಬಂದಿತು. ಇಂದು ಆ ಎರಡೂ ತಯಾರಾಗುತ್ತಿಲ್ಲ. ಆದರೆ ಅವು ಎತ್ತಿದ ಪ್ರಶ್ನೆಗಳು ಇಂದಿನ ಕಾರುಗಳಿಗೂ ಹಾಗೆಯೇ ಅನ್ವಯಿಸುತ್ತವೆ.

ಇಂದಿನ ಮಾದರಿಯಾಗಿ 2022ರಲ್ಲಿ ಬಂದ ಟಾಟಾ ಟಿಯಾಗೋ ಇವಿಯನ್ನು ಇಟ್ಟುಕೊಳ್ಳೋಣ. ಅದರ ದೊಡ್ಡ ಬ್ಯಾಟರಿಯ ಅಳವು 24 ಕಿಲೋವಾಟ್-ಗಂಟೆ. ಈ ಮಾತಿಗೆ ಯಾರೂ ಬೆದರಬೇಕಾಗಿಲ್ಲ. ತಿಂಗಳು ತಿಂಗಳು ನಮ್ಮ ಮನೆಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದಿರುತ್ತದಲ್ಲ, ಅದೇ ಇದು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಾಗಾದರೆ ಈ ಕಾರು 24 ಯೂನಿಟ್ಟಿನ ಬುತ್ತಿಯನ್ನು ಕಟ್ಟಿಕೊಂಡು ಹೊರಡುತ್ತದೆ. ದಾರಿಯಲ್ಲಿ ಅದು ಉಣ್ಣುವುದು ಇದನ್ನೇ. ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರು ಹೋಗುತ್ತದೆ ಎಂದು ತಿಳಿದರೆ ಉಳಿದದ್ದು ಬರಿಯ ಮಗ್ಗಿಯ ಲೆಕ್ಕ.

ಈ ಬುತ್ತಿ ದೊಡ್ಡದೋ ಚಿಕ್ಕದೋ? ಪೆಟ್ರೋಲಿನೊಡನೆ ಹೋಲಿಸಿದರೆ ತೀರ ಚಿಕ್ಕದು. ಒಂದು ಲೀಟರು ಪೆಟ್ರೋಲನ್ನು ಉರಿಸಿದರೆ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಾಖ ಹೊರಡುತ್ತದೆ. ಎಂದರೆ ಎರಡು ಕ್ವಿಂಟಲಿನ ಆಸುಪಾಸಿನಲ್ಲಿ ತೂಗುವ ಆ ಬ್ಯಾಟರಿಯಲ್ಲಿ ಅಡಗಿರುವುದು ಮೂರು ಲೀಟರು ಪೆಟ್ರೋಲಿಗಿಂತಲೂ ಕಡಿಮೆ ಶಕ್ತಿ! ಪೆಟ್ರೋಲಿನ ಗಿಡ್ಡ ಕಾರೊಂದರ ಟ್ಯಾಂಕು ಸುಮಾರು 35 ಲೀಟರು ಹಿಡಿಯುತ್ತದೆ. ಅದು ಸುಮಾರು 315 ಯೂನಿಟ್ಟಿನ ಬುತ್ತಿ. ವಿದ್ಯುತ್ ಕಾರಿನ ಬುತ್ತಿಗಿಂತ ಹದಿಮೂರು ಪಟ್ಟು ದೊಡ್ಡದು. ಆದರೆ ಅದು ಹದಿಮೂರು ಪಟ್ಟು ದೂರ ಹೋಗುವುದಿಲ್ಲ. ಹೋಗುವುದು ಮೂರು ಪಟ್ಟು ಮಾತ್ರ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಎಂಜಿನ್ನಿನ ಬಿಸಿಯಾಗಿ, ಹೊಗೆಕೊಳವೆಯ ಶಾಖವಾಗಿ ಗಾಳಿಗೆ ಸೇರಿಹೋಯಿತು. ಪೆಟ್ರೋಲ್ ಎಂಜಿನ್ನು ತಾನು ಉಂಡದ್ದರಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಭಾಗವನ್ನು ಮಾತ್ರ ಚಲನೆಯಾಗಿ ಮಾರ್ಪಡಿಸಬಲ್ಲದು. ವಿದ್ಯುತ್ ಮೋಟಾರು ಎಂಬತ್ತೈದು ತೊಂಬತ್ತು ಭಾಗವನ್ನು ಚಲನೆಯಾಗಿಸುತ್ತದೆ. ಒಂದು ಉಂಡಾಡಿ, ಇನ್ನೊಂದು ಮಿತಾಹಾರಿ. ಮಿತಾಹಾರಿಯ ಕೈಯಲ್ಲಿ ಬುತ್ತಿ ಚಿಕ್ಕದು ಎಂಬುದಷ್ಟೇ ತೊಡಕು.

ಈಗ ಕಾರಿನ ಓಟದ ಗುಣವನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿಗೆ ನಿಂತಲ್ಲಿಂದಲೇ ಎಳೆಯುವ ಬಲವಿಲ್ಲ. ಅದು ಒಂದಷ್ಟು ಸುತ್ತು ತಿರುಗಿ ಹುಮ್ಮಸ್ಸು ತಂದುಕೊಳ್ಳಬೇಕು. ಅದಕ್ಕಾಗಿಯೇ ಕ್ಲಚ್ಚು, ಗೇರುಪೆಟ್ಟಿಗೆ ಮೊದಲಾದ ಉಪಾಯಗಳು. ವಿದ್ಯುತ್ ಮೋಟಾರಾದರೋ ಮೊದಲ ಸುತ್ತಿನಿಂದಲೇ ತನ್ನ ಪೂರ್ಣ ಎಳೆತವನ್ನು ಕೊಡುತ್ತದೆ. ಹೀಗಾಗಿ ಗೇರು ಬದಲಿಸುವ ಗೋಜೇ ಇಲ್ಲ. ನಾನು ಹೇಳಿದ ಕಾರು ನಿಂತ ನಿಲುವಿನಿಂದ ಗಂಟೆಗೆ 60 ಕಿಲೋಮೀಟರು ವೇಗವನ್ನು ಆರು ಸೆಕೆಂಡಿನೊಳಗೆ ಮುಟ್ಟುತ್ತದೆಂದು ತಯಾರಕರು ತಿಳಿಸಿದ್ದಾರೆ. ನಗರದ ಸಿಗ್ನಲ್ಲುಗಳ ನಡುವೆ ಇದಕ್ಕಿಂತ ಹೆಚ್ಚಿನ ಚುರುಕು ಯಾರಿಗೂ ಬೇಕಾಗದು. ಸದ್ದಿಲ್ಲದಿರುವುದು ಇನ್ನೊಂದು ಗುಣ. ಆದರೆ ಓಣಿಯಲ್ಲಿ ಆಡುವ ಮಕ್ಕಳಿಗೂ ವಯಸ್ಸಾದವರಿಗೂ ಹಿಂದಿನಿಂದ ಬರುವ ಗಾಡಿಯ ಸುಳಿವೇ ಸಿಗುವುದಿಲ್ಲವಾದ್ದರಿಂದ, ಓಡಿಸುವವನ ಹೊಣೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಇದಕ್ಕಿಂತ ಸ್ವಾರಸ್ಯದ ಗುಣವೊಂದಿದೆ. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಅದುವರೆಗೆ ಗಳಿಸಿದ ಓಟವೆಲ್ಲ ಬ್ರೇಕಿನ ಬಿಸಿಯಾಗಿ ಹಾಳಾಗುತ್ತದೆ. ವಿದ್ಯುತ್ ಕಾರಿನಲ್ಲಿ ಕಾಲು ತೆಗೆದೊಡನೆ ಮೋಟಾರು ಡೈನಮೋ ಆಗಿ ತಿರುಗಿ, ಗಾಡಿಯ ಓಟವನ್ನೇ ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಊರಿನಿಂದ ಬೆಟ್ಟದ ನೆತ್ತಿಗೆ ಸುಮಾರು 300 ಮೀಟರಿನ ಏರು. ಇಬ್ಬರನ್ನು ಕೂರಿಸಿಕೊಂಡ ಕಾರಿನ ತೂಕ 1,300 ಕಿಲೋಗ್ರಾಂ ಎಂದರೆ, ಆ ಭಾರವನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಒಂದು ಯೂನಿಟ್ಟು ಬೇಕು. ರಸ್ತೆಯ ಖರ್ಚು ಬೇರೆ. ಇಳಿದು ಬರುವಾಗ ಆ ಒಂದು ಯೂನಿಟ್ಟಿನಲ್ಲಿ ಅರ್ಧದ ಹತ್ತಿರ ಮರಳಿ ಕೈಸೇರುತ್ತದೆ. ಒಂದು ಎಚ್ಚರವನ್ನು ಮಾತ್ರ ಹೇಳಬೇಕು. ಮಡಿಕೇರಿಯಂಥ ಎತ್ತರದ ಊರಿನಲ್ಲಿ ಬೆಳಗ್ಗೆ ಬ್ಯಾಟರಿಯನ್ನು ತುಂಬ ತುಂಬಿಸಿಕೊಂಡು ಇಳಿಜಾರಿಗೆ ಹೊರಟರೆ, ಮರಳಿ ಬರುವ ವಿದ್ಯುತ್ತಿಗೆ ಒಳಗೆ ಜಾಗವೇ ಇರುವುದಿಲ್ಲ. ಆಗ ಈ ಹಿಡಿತ ತಗ್ಗಿ, ಮಾಮೂಲಿನ ಬ್ರೇಕನ್ನೇ ನೆಚ್ಚಬೇಕಾಗುತ್ತದೆ. ಇಂಥ ಕಡೆ ಸ್ವಲ್ಪ ಕಡಿಮೆ ತುಂಬಿಕೊಂಡು ಹೊರಡುವುದೇ ಜಾಣತನ.

ಇನ್ನು ಓಟದಳತೆಯ ವಿಚಾರ. ಈ ಕಾರಿಗೆ ಬಿಡುಗಡೆಯ ಕಾಲದಲ್ಲಿ ಪ್ರಕಟಿಸಿದ ಅಂಕಿ 315 ಕಿಲೋಮೀಟರು. ಈ ಅಂಕಿ ಹುಟ್ಟಿದ್ದು ರಸ್ತೆಯ ಮೇಲಲ್ಲ, ಪರೀಕ್ಷಾಲಯದಲ್ಲಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ವೇಗವನ್ನು ಏರಿಸುತ್ತ ಇಳಿಸುತ್ತ ಚಕ್ರಗಳನ್ನು ತಿರುಗಿಸುತ್ತಾರೆ. ಅಲ್ಲಿ ಏರಿಲ್ಲ, ಗುಂಡಿಯಿಲ್ಲ, ಎದುರುಗಾಳಿಯಿಲ್ಲ, ಏಸಿಯನ್ನೂ ಹಾಕಿರುವುದಿಲ್ಲ. ವೇಗ ಬಹುಪಾಲು ಮಂದ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಇಂಥ ಪರೀಕ್ಷೆ ಬೇಕೇ ಬೇಕು. ಎರಡು ಕಾರುಗಳಲ್ಲಿ ಯಾವುದು ಮೇಲು ಎಂಬುದನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ನಾಳೆ ನಾವು ಊರು ಸೇರುತ್ತೇವೆಯೇ ಎಂಬುದನ್ನು ಹೇಳುವುದು ಅದರ ಕೆಲಸವಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಯೂನಿಟ್ಟಿಗೆ ಹದಿಮೂರು ಕಿಲೋಮೀಟರು ಬೀಳುತ್ತದೆ. ನಮ್ಮ ರಸ್ತೆಗಳಲ್ಲಿ, ನಮ್ಮ ಬಿಸಿಲಿನಲ್ಲಿ ಎಂಟು ಎಂದು ಹಿಡಿಯುವುದು ಕ್ಷೇಮ. ಎಂದರೆ ಇನ್ನೂರು ಕಿಲೋಮೀಟರಿನ ಆಸುಪಾಸು. ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡದೆ ಒಂದಿಷ್ಟು ಉಳಿಸಿಕೊಳ್ಳುವವನಿಗೆ ನೂರಎಪ್ಪತ್ತು.

ಅಳತೆಯನ್ನು ತಗ್ಗಿಸುವ ಕಾರಣಗಳಲ್ಲಿ ಮೊದಲನೆಯದು ವೇಗ. ಕಾರು ಓಡುವಾಗ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಟೈರು ಮತ್ತು ರಸ್ತೆಯ ಘರ್ಷಣೆ ಹೀಗೆ ಏರುವುದಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ, ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವಾಗ ಒಂದು ಕಿಲೋಮೀಟರಿಗೆ ಎಷ್ಟು ಖರ್ಚಾಗುತ್ತದೆಯೋ 100ರಲ್ಲಿ ಹೋಗುವಾಗ ಅದರ ಸುಮಾರು ಎರಡರಷ್ಟು ಖರ್ಚಾಗುತ್ತದೆ. ಪೆಟ್ರೋಲ್ ಕಾರಿಗೆ ಒಗ್ಗಿದವರಿಗೆ ಇದು ತಲೆಕೆಳಗಾದಂತೆ ತೋರುತ್ತದೆ. ಊರಿನಲ್ಲಿ ಮೈಲೇಜು ಕಡಿಮೆ, ಹೆದ್ದಾರಿಯಲ್ಲಿ ಹೆಚ್ಚು ಎಂಬುದು ಅವರ ಅನುಭವ. ನಿಂತು ನಿಂತು ಸಾಗುವ ಊರಿನ ಓಡಾಟದಲ್ಲಿ ಎಂಜಿನ್ನು ಸುಮ್ಮನೆ ಉರಿಯುತ್ತಿರುವುದೇ ಅದಕ್ಕೆ ಕಾರಣ. ವಿದ್ಯುತ್ ಮೋಟಾರು ನಿಂತಾಗ ಏನನ್ನೂ ಉಣ್ಣದು. ಬ್ರೇಕು ಒತ್ತಿದಾಗ ಮರಳಿ ಕೊಡುತ್ತದೆ. ಆದ್ದರಿಂದ ಇದರ ಓಟದಳತೆ ಊರಿನಲ್ಲಿ ಹಿಗ್ಗುತ್ತದೆ, ಹೆದ್ದಾರಿಯಲ್ಲಿ ಕುಗ್ಗುತ್ತದೆ.

ಮೈಸೂರಿನಿಂದ ಬೆಂಗಳೂರಿಗೆ ಸುಮಾರು 145 ಕಿಲೋಮೀಟರು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಗಂಟೆಗೆ 100ರಂತೆ, ಏಸಿ ಹಾಕಿಕೊಂಡು ಹೋದರೆ, ನನ್ನ ಲೆಕ್ಕದಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಯೂನಿಟ್ಟು ಬೇಕಾಗುತ್ತದೆ. ಇರುವ ಬುತ್ತಿಯೇ ಇಪ್ಪತ್ತನಾಲ್ಕು. ಕೆಂಗೇರಿಯನ್ನು ಮುಟ್ಟುವ ಹೊತ್ತಿಗೆ ಎದೆ ಡವಗುಟ್ಟುವುದು ಸಹಜ. ಅದೇ ಕಾರನ್ನು 70ರ ವೇಗದಲ್ಲಿ ನಡೆಸಿದರೆ ಹದಿನೈದು ಹದಿನಾರು ಯೂನಿಟ್ಟಿನಲ್ಲಿ ಪ್ರಯಾಣ ಮುಗಿದು, ಊರಿನೊಳಗೆ ತಿರುಗಾಡುವುದಕ್ಕೂ ಮಿಕ್ಕುತ್ತದೆ. ವ್ಯತ್ಯಾಸ ಎಷ್ಟು? ಸುಮಾರು ಮೂವತ್ತೇಳು ನಿಮಿಷ. 315 ಎಂಬ ಅಂಕಿಯನ್ನು ಮೈಲಿಗಲ್ಲಿನಂತೆ ಓದಿದವನು ಹೋಗಿ ಬರುವ ಎರಡೂ ದಾರಿಗೆ ಅದು ಸಾಕೆಂದು ಹೊರಡುತ್ತಾನೆ. ಕೂಗಳತೆಯಂತೆ ಓದಿದವನು ವೇಗವನ್ನು ಹದಮಾಡಿಕೊಂಡು, ಮರಳುವ ಮುನ್ನ ಎಲ್ಲಿ ಚಾರ್ಜು ಮಾಡಬೇಕೆಂದು ಮನೆಯಲ್ಲೇ ಗೊತ್ತುಮಾಡಿಕೊಳ್ಳುತ್ತಾನೆ.

ಏಸಿಯ ಲೆಕ್ಕ ಬೇರೆ. ಅದು ಕಿಲೋಮೀಟರಿಗೆ ಇಷ್ಟು ಎಂದು ಉಣ್ಣುವುದಿಲ್ಲ, ಗಂಟೆಗೆ ಇಷ್ಟು ಎಂದು ಉಣ್ಣುತ್ತದೆ. ನಮ್ಮ ಬೇಸಗೆಯಲ್ಲಿ ಗಂಟೆಗೆ ಒಂದು ಯೂನಿಟ್ಟು, ಒಂದೂವರೆ ಯೂನಿಟ್ಟು ಎಂದು ಇಟ್ಟುಕೊಳ್ಳಬಹುದು. ಹೆದ್ದಾರಿಯಲ್ಲಿ ಒಂದು ಗಂಟೆಗೆ ನೂರು ಕಿಲೋಮೀಟರು ಸಾಗುವುದರಿಂದ ಅದು ಲೆಕ್ಕಕ್ಕೆ ಬಾರದು. ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯಲ್ಲಿ ಒಂದು ಗಂಟೆಗೆ ಇಪ್ಪತ್ತು ಕಿಲೋಮೀಟರು ತೆವಳುವವನಿಗೆ, ಒಟ್ಟು ಖರ್ಚಿನ ಮೂರರಲ್ಲೊಂದು ಪಾಲು ಏಸಿಯದೇ ಆಗಿಬಿಡಬಹುದು. ಇದರ ಮೇಲೆ ಗಾಳಿ ಇಳಿದ ಟೈರು, ತುಂಬಿದ ಸಂಸಾರ, ಮಾವಿನಕಾಯಿಯ ಚೀಲ, ಎಲ್ಲವೂ ತಮ್ಮ ತಮ್ಮ ಸುಂಕವನ್ನು ಕೀಳುತ್ತವೆ.

ಇನ್ನು ಚಾರ್ಜಿನ ವಿಚಾರ. ಕನ್ನಡಿಗರ ಬಾಯಲ್ಲಿ ಈ ಪದಕ್ಕೆ ಮೊದಲೇ ಹಲವು ಅರ್ಥಗಳಿದ್ದವು. ಬಸ್ಸಿಗೆ ಕೊಡುವುದೂ ಚಾರ್ಜು, ಹೊಸ ಅಧಿಕಾರಿ ವಹಿಸಿಕೊಳ್ಳುವುದೂ ಚಾರ್ಜು. ಇಲ್ಲಿ ಅದರ ಅರ್ಥ ಬುತ್ತಿ ಕಟ್ಟುವುದು. ಕಟ್ಟುವ ಬಗೆ ಎರಡು. ಮನೆಯ 15 ಆಂಪಿಯರಿನ ಪ್ಲಗ್ಗಿಗೆ ತಗುಲಿಸಿ ನಿಧಾನವಾಗಿ ತುಂಬುವುದು ಒಂದು. ನಮ್ಮ ಉದಾಹರಣೆಯ ಕಾರು ಹೀಗೆ ಹತ್ತು ಭಾಗದಿಂದ ನೂರು ಭಾಗಕ್ಕೆ ಬರಲು ಸುಮಾರು ಎಂಟೂಮುಕ್ಕಾಲು ಗಂಟೆ ಹಿಡಿಯುತ್ತದೆ. ರಾತ್ರಿ ಊಟವಾದ ಮೇಲೆ ತಗುಲಿಸಿದರೆ ಬೆಳಗಿನ ಕಾಫಿಯ ಹೊತ್ತಿಗೆ ಸಿದ್ಧ. ಬೀದಿಬದಿಯ ಕೇಂದ್ರಗಳಲ್ಲಿ ವೇಗವಾಗಿ ತುಂಬುವುದು ಇನ್ನೊಂದು. ಅಲ್ಲಿ ಹತ್ತರಿಂದ ಎಂಬತ್ತು ಭಾಗಕ್ಕೆ ಸುಮಾರು ಒಂದು ಗಂಟೆ ಸಾಕು. ಕೇಂದ್ರದ ಯಂತ್ರ ಎಷ್ಟೇ ಬಲಶಾಲಿಯಾಗಿರಲಿ, ಕಾರು ಎಷ್ಟನ್ನು ನುಂಗಬಲ್ಲದೋ ಅಷ್ಟೇ ಅದಕ್ಕೆ ಸಲ್ಲುವುದು. ಕಿರಿಬಾಯಿಯ ತಂಬಿಗೆಯನ್ನು ತೂಬಿನ ಕೆಳಗೆ ಹಿಡಿದರೆ ಬೇಗ ತುಂಬುವುದಿಲ್ಲವಷ್ಟೆ.

ವೇಗದ ಚಾರ್ಜಿನ ಮಾತು ಬಂದಾಗಲೆಲ್ಲ ಎಂಬತ್ತು ಭಾಗ ಎಂದೇ ಏಕೆ ಹೇಳುತ್ತಾರೆ? ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಒಂದು ಕಡೆಯಿಂದ ಹೊರಟು, ಇನ್ನೊಂದು ಕಡೆ ಪದರಪದರವಾಗಿ ಜೋಡಿಸಿಕೊಂಡಿರುವ ಗ್ರಾಫೈಟಿನ ಸಂದುಗಳಲ್ಲಿ ಸೇರಿಕೊಳ್ಳುತ್ತವೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಖಾಲಿ ಬಸ್ಸು ಬಂದು ನಿಂತಾಗ ಮೊದಲು ಹತ್ತಿದವರು ಸರಸರನೆ ಹೋಗಿ ಕೂರುತ್ತಾರೆ. ಬಸ್ಸು ತುಂಬುತ್ತ ಬಂದಂತೆ ಹತ್ತುವವರು ಜಾಗ ಹುಡುಕುತ್ತ ನಿಧಾನಿಸಬೇಕಾಗುತ್ತದೆ. ಆಗಲೂ ಹಿಂದಿನಿಂದ ನೂಕಿದರೆ ಬಾಗಿಲಲ್ಲೇ ಜನ ಜೋತುಬೀಳುತ್ತಾರೆ. ಬ್ಯಾಟರಿಯೊಳಗೂ ಹೀಗೆಯೇ. ತುಂಬಿದ ಮೇಲೂ ರಭಸದಿಂದ ನೂಕಿದರೆ ಲಿಥಿಯಂ ಒಳಸೇರದೆ ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಹತ್ತಿಕೊಳ್ಳುತ್ತದೆ. ಅದರಿಂದ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ, ಅಪಾಯವೂ ಉಂಟು. ಆದ್ದರಿಂದಲೇ ಕಾರಿನೊಳಗಿನ ನಿಯಂತ್ರಕವು ಎಂಬತ್ತರ ಮೇಲೆ ವೇಗವನ್ನು ತಾನಾಗಿಯೇ ತಗ್ಗಿಸುತ್ತದೆ. ಆ ಕೊನೆಯ ಇಪ್ಪತ್ತು ಭಾಗಕ್ಕಾಗಿ ಕೇಂದ್ರದಲ್ಲಿ ಕಾದು ಕೂರುವುದು ತನಗೂ ನಷ್ಟ, ಹಿಂದೆ ಕಾಯುವವರಿಗೂ ಕಷ್ಟ.

ಬ್ಯಾಟರಿಯೂ ಮುಪ್ಪಾಗುತ್ತದೆ. ರೇವಾ ಕಾಲದ ಸೀಸದ ಬ್ಯಾಟರಿಗಳನ್ನು ಮೂರು ವರ್ಷದ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತಿತ್ತು. ಇಂದಿನ ಲಿಥಿಯಂ ಬ್ಯಾಟರಿಗೆ ನಾನು ಹೇಳಿದ ಕಾರಿನ ತಯಾರಕರು ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಕೊಟ್ಟಿದ್ದರು. ಆದರೆ ಅದು ಒಂದು ದಿನ ಫಕ್ಕನೆ ಸಾಯುವುದಿಲ್ಲ; ವರ್ಷ ವರ್ಷಕ್ಕೂ ಹಿಡಿಯುವ ಅಳವು ತಗ್ಗುತ್ತ ಹೋಗುತ್ತದೆ. ಇಂದು 24 ಯೂನಿಟ್ಟು ಹಿಡಿಯುವುದು ಕೆಲವು ವರ್ಷಗಳ ಮೇಲೆ 20 ಹಿಡಿಯಬಹುದು. ಬಿಸಿಲಿನಲ್ಲಿ ತುಂಬಿದ ಬ್ಯಾಟರಿಯನ್ನು ದಿನಗಟ್ಟಲೆ ನಿಲ್ಲಿಸುವುದು, ಪದೇ ಪದೇ ತಳಮುಟ್ಟ ಬರಿದು ಮಾಡುವುದು, ನಿತ್ಯವೂ ವೇಗದ ಚಾರ್ಜನ್ನೇ ನೆಚ್ಚುವುದು, ಇವು ಮುಪ್ಪನ್ನು ಬೇಗ ಕರೆತರುತ್ತವೆ. ಕೊಳ್ಳುವವನು ಇಂದಿನ ಓಟದಳತೆಯ ಜೊತೆಗೆ ಏಳೆಂಟು ವರ್ಷದ ಮೇಲಿನ ಓಟದಳತೆಯೂ ತನಗೆ ಸಾಕಾದೀತೇ ಎಂದು ಯೋಚಿಸುವುದು ಮೇಲು.

ಖರ್ಚಿನ ಲೆಕ್ಕವೂ ಇದೇ ಮಗ್ಗಿಯದು. ಚಾರ್ಜು ಮಾಡುವಾಗ ಒಂದಷ್ಟು ಸೋರಿಹೋಗುವುದರಿಂದ, 24 ಯೂನಿಟ್ಟನ್ನು ತುಂಬಲು ಮೀಟರಿನಲ್ಲಿ ಸುಮಾರು 27 ಓಡುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ 189 ರೂಪಾಯಿಗೆ ಸುಮಾರು 190 ಕಿಲೋಮೀಟರು. ಕಿಲೋಮೀಟರಿಗೆ ಒಂದು ರೂಪಾಯಿ. ಲೀಟರಿಗೆ ನೂರು ರೂಪಾಯಿಯ ಪೆಟ್ರೋಲಿನಲ್ಲಿ ಹದಿನೈದು ಕಿಲೋಮೀಟರು ಹೋಗುವ ಕಾರಿಗೆ ಆರೂವರೆಗೂ ಮೇಲೆ. ಬೀದಿಯ ಕೇಂದ್ರಗಳಲ್ಲಿ ಯೂನಿಟ್ಟಿನ ದರ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ, ಪೂರ್ಣ ಲಾಭ ದೊರೆಯುವುದು ಮನೆಯಲ್ಲಿ ಚಾರ್ಜು ಮಾಡುವವನಿಗೆ ಮಾತ್ರ.

ಇಲ್ಲಿಗೆ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಮಾತಿಗೆ ಬಂದೆವು. ಜನ ಕೇಳುವ ಪ್ರಶ್ನೆ, ಕಾರು ಎಷ್ಟು ದೂರ ಹೋಗುತ್ತದೆ ಎಂಬುದು. ಕೇಳಬೇಕಾದ ಪ್ರಶ್ನೆ, ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು. ಸ್ವಂತ ಮನೆ, ಮನೆಯ ಮುಂದೆ ನಿಲ್ಲಿಸುವ ಜಾಗ, ಸರಿಯಾದ ಅರ್ಥಿಂಗ್ ಇರುವ ಒಂದು ಪ್ಲಗ್ಗು, ಇಷ್ಟಿದ್ದವನಿಗೆ ಪ್ರತಿದಿನ ಬೆಳಗ್ಗೆ ತುಂಬಿದ ಬುತ್ತಿ ಸಿದ್ಧವಾಗಿರುತ್ತದೆ. ಅವನಿಗೆ ಸಣ್ಣ ಬ್ಯಾಟರಿಯೂ ಸಾಕು. ವಠಾರದಲ್ಲಿರುವವನಿಗೆ, ಬೀದಿಯಲ್ಲಿ ಕಾರು ನಿಲ್ಲಿಸುವವನಿಗೆ, ಬಾಡಿಗೆಯ ಮೂರನೆಯ ಅಂತಸ್ತಿನವನಿಗೆ ಆ ಭಾಗ್ಯವಿಲ್ಲ. ಕಿಟಕಿಯಿಂದ ವೈರು ಇಳಿಬಿಟ್ಟು ಕಾಲುದಾರಿಯ ಮೇಲೆ ಎಳೆದು ಚಾರ್ಜು ಮಾಡುವುದಂತೂ ಪ್ರಾಣಕ್ಕೆ ಸಂಚಕಾರ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ ಮಾತು ಇದು: “ಮೇಷ್ಟ್ರೇ, ಕಾರಿಗೆ ದುಡ್ಡು ಹೊಂದಿಸೋಕೆ ಆರು ತಿಂಗಳು ಸಾಕಾಯ್ತು. ನೆಲಮಾಳಿಗೇಲಿ ಒಂದು ಪ್ಲಗ್ಗಿಗೆ ನಮ್ಮ ಸಂಘದವರ ಒಪ್ಪಿಗೆ ಹೊಂದಿಸೋಕೆ ಒಂದು ವರ್ಷ ಹಿಡೀತು.” ಬೆಂಕಿ ಬಿದ್ದೀತೆಂಬ ಅಂಜಿಕೆ, ಎಲ್ಲರ ಮೀಟರಿನಿಂದ ಒಬ್ಬ ಸುರಿದುಕೊಳ್ಳುತ್ತಾನೆಂಬ ಗುಮಾನಿ, ಇವೇ ಅಡ್ಡಿ. ಅವನ ಮೀಟರಿನಿಂದಲೇ ಬೇರೆ ತಂತಿ ಎಳೆದು, ತಕ್ಕ ಸುರಕ್ಷಾ ಸ್ವಿಚ್ಚನ್ನು ಹಾಕಿಸಿದ ಮೇಲೆ ಎರಡೂ ಅಡಗಿದವು. ಆದರೆ ಅವನು ಮನೆಯ ಒಡೆಯ. ಪಕ್ಕದ ಮನೆಯ ಬಾಡಿಗೆದಾರನಿಗೆ ಆ ಸಂಘದ ಸಭೆಯಲ್ಲಿ ಬಾಯೇ ಇಲ್ಲ.

2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಚಾರ್ಜು ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ. ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. ಬೆಸ್ಕಾಂ ಸಂಸ್ಥೆ ಹಲವೆಡೆ ಕೇಂದ್ರಗಳನ್ನು ತೆರೆದಿದೆ. ಇವೆಲ್ಲ ಸ್ವಾಗತಾರ್ಹ. ಆದರೂ ಬಾಡಿಗೆದಾರನ ಕಾರಿಗೆ ರಾತ್ರಿಯ ಪ್ಲಗ್ಗು ಸಿಗುವವರೆಗೆ ಈ ವಾಹನದ ಸೌಲಭ್ಯ ಮನೆಯುಳ್ಳವರ ಸೌಲಭ್ಯವಾಗಿಯೇ ಉಳಿಯುತ್ತದೆ. ಕಚೇರಿಗಳ, ಕಾಲೇಜುಗಳ ಆವರಣದಲ್ಲಿ ಹಗಲು ಹೊತ್ತು ನಿಂತ ಕಾರುಗಳಿಗೆ ಸಾಮಾನ್ಯ ಪ್ಲಗ್ಗುಗಳನ್ನು ಒದಗಿಸುವುದು ಇದಕ್ಕೆ ಅಗ್ಗದ ಪರಿಹಾರ. ಅದರಿಂದ ಇನ್ನೊಂದು ಲಾಭವೂ ಉಂಟು. ವಿದ್ಯುತ್ ಕಾರು ತಾನು ಹೊಗೆ ಬಿಡದಿದ್ದರೂ, ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಬಂದ ವಿದ್ಯುತ್ತನ್ನು ಉಂಡರೆ ಅಲ್ಲಿನ ಹೊಗೆಯಲ್ಲಿ ಅದಕ್ಕೂ ಪಾಲಿರುತ್ತದೆ. ಪಾವಗಡದ ಬಿಸಿಲಿನಿಂದ ಬರುವ ವಿದ್ಯುತ್ತು ಹೇರಳವಾಗಿರುವುದು ಹಗಲಿನಲ್ಲೇ. ಹಗಲು ನಿಂತಲ್ಲಿ ಉಂಡ ಕಾರಿಗೆ ಆ ಶುದ್ಧ ಬುತ್ತಿ ಹೆಚ್ಚು ಸಿಕ್ಕೀತು.

ಕಾರನ್ನು ಕೊಳ್ಳಬೇಕೆಂದಿರುವ ಮಿತ್ರರಿಗೆ ನನ್ನ ಸೂಚನೆ ಸರಳವಾದದ್ದು. ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳು, ಪ್ರತಿದಿನ ಎಷ್ಟು ಕಿಲೋಮೀಟರು ಓಡಾಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬಹುಮಂದಿಯ ಚೀಟಿಯಲ್ಲಿ ಐವತ್ತನ್ನು ಮೀರುವ ದಿನಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಆ ದೊಡ್ಡ ದಿನಗಳಂದು ನಿಮ್ಮ ದಾರಿಯಲ್ಲಿ ಚಾರ್ಜು ಕೇಂದ್ರವಿದೆಯೇ, ಅದು ಕೆಟ್ಟಿದ್ದರೆ ಮುಂದಿನದು ಎಷ್ಟು ದೂರ ಎಂಬುದನ್ನು ವಿಚಾರಿಸಿಕೊಳ್ಳಿ. ಮನೆಯಲ್ಲೋ ಕಚೇರಿಯಲ್ಲೋ ನಿಮ್ಮದೆನ್ನಬಹುದಾದ ಒಂದು ಪ್ಲಗ್ಗು ಇದೆಯೇ ಎಂಬುದನ್ನು ಎಲ್ಲಕ್ಕೂ ಮೊದಲು ಖಚಿತಪಡಿಸಿಕೊಳ್ಳಿ. ಈ ಮೂರಕ್ಕೂ ಉತ್ತರ ದೊರೆತ ಮೇಲೆ ಜಾಹೀರಾತಿನ ಅಂಕಿಯನ್ನು ಓದಿದರೆ ಸಾಕು. ಆಗ ಅದು ನಿಮ್ಮನ್ನು ಮರುಳುಗೊಳಿಸುವುದೂ ಇಲ್ಲ, ಹೆದರಿಸುವುದೂ ಇಲ್ಲ.